ಬೀಗರು ಕೊಟ್ಟ ಕುದುರೆ

ಹೆಮ್ಮಿಗೆ
24-6-1996

ನಂಜನಗೂಡಿನ ಬೀಗರಾದ ರಾಮಯ್ಯನವರಿಗೆ ಹುಚ್ಚಯ್ಯನ ನಮಸ್ಕಾರ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಮದುವೆಯಾಗಿ ಒಂದೂವರೆ ತಿಂಗಳಾಯಿತು, ನಿಮ್ಮ ಮಗಳು ರಾಣಿ ಮನೆಗೆ ಹೊಂದಿಕೊಂಡಿದ್ದಾಳೆ. ಸಾರಿಗೆ ಖಾರ ಹೆಚ್ಚಾಯಿತು ಎಂದು ನನ್ನ ಹೆಂಡತಿ ಕೆಂಪಾಜಮ್ಮ ದಿನಾ ಹೇಳುತ್ತಾಳೆ. ಹೇಳಿ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ನಿಮ್ಮ ಅಳಿಯ ಕೃಷ್ಣಕುಮಾರ ಗದ್ದೆ ಕೆಲಸದಲ್ಲಿದ್ದಾನೆ.

ಈಗ ಬರೆಯುತ್ತಿರುವುದು ನೀವು ಕೊಟ್ಟ ಕುದುರೆ ಸುಲ್ತಾನನ ವಿಚಾರ. ಮದುವೆಯ ದಿನ ನೀವು ಅವನ ಕೊರಳಿಗೆ ಹಾರ ಹಾಕಿ, ನಮ್ಮ ಚಪ್ಪರದ ಕಂಬಕ್ಕೆ ತಂದು ಕಟ್ಟಿದಿರಿ. 'ಬೀಗರೇ, ಇನ್ಮೇಲೆ ಟಪಾಲು ಚೀಲ ಒತ್ಕೊಂಡು ಸೈಕಲ್ ತುಳೀಬೇಡಿ, ಇವ್ನ ಮೇಲೆ ಕುಂತ್ಕೊಂಡೋಗಿ' ಎಂದಿರಿ. ಸವಾರಿ ಅಭ್ಯಾಸವಿದೆಯೇ ಎಂದು ನಾನು ಕೇಳಿದ್ದಕ್ಕೆ ಹೂವಿನ ಹಾಗೆ ಹೊತ್ತುಕೊಂಡು ಹೋಗುತ್ತಾನೆ ಎಂದಿರಿ. ಹೂವು ಎಲ್ಲಿ ಬಾಡಿತೋ ತಿಳಿಯದು.

ಕೈಯಲ್ಲಿ ಲಗಾಮು ಹಿಡಿದು ನಡೆಸಿದರೆ ಚೆನ್ನಾಗಿ ಬರುತ್ತಾನೆ. ಚೀಲ ಹಗುರ, ಹೊರಿಸಿದರೂ ಬೇಸರವಿಲ್ಲ. ನಾನು ಹತ್ತಿ ಕೂತೆನೋ, ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಾನೆ. ನಿಂತು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಾನೆ. ಒದೆಯುವುದಿಲ್ಲ, ಕಚ್ಚುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಏನನ್ನು ಕಾಯುತ್ತಾನೆಂದು ನನಗೆ ಗೊತ್ತಾಗುತ್ತಿಲ್ಲ. ಇಳಿದರೆ ಹೊರಡುತ್ತಾನೆ.

ನಿಮಗೆ ಗೊತ್ತಲ್ಲ, ಇಪ್ಪತ್ತಾರು ವರ್ಷದಿಂದ ಈ ಊರಿನ ಚೀಲವನ್ನು ನರಸೀಪುರಕ್ಕೆ ಮುಟ್ಟಿಸಿ, ಅಲ್ಲಿನದನ್ನು ಇಲ್ಲಿಗೆ ತರುವುದು ನನ್ನ ಕೆಲಸ. ಮೈಸೂರಿನ ಬಸ್ಸು ಹೊರಡುವುದರೊಳಗೆ ಚೀಲ ಅಲ್ಲಿರಬೇಕು. ಈ ತಿಂಗಳಲ್ಲಿ ನಾಲ್ಕು ಸಲ ತಪ್ಪಿದೆ. ಏನು ಮಾಡಬೇಕೋ ತಿಳಿದವರು ನೀವು, ಬರೆಯಿರಿ.

ಇಂತಿ,
ಹುಚ್ಚಯ್ಯ


ನಂಜನಗೂಡು
3-7-1996

ಪೂಜ್ಯ ಬೀಗರ ಪಾದಗಳಿಗೆ ರಾಮಯ್ಯ ಮಾಡುವ ಶರಣು.

ಕಾಗದ ತಲುಪಿತು. ರಾಣಿ ಸುಖವಾಗಿದ್ದಾಳೆಂದು ಓದಿ ಮನಸ್ಸು ತಣ್ಣಗಾಯಿತು. ತಾಯಿ ಹೋದ ಮೇಲೆ ಅಡುಗೆ ಕಲಿತದ್ದು ನನ್ನ ಕೈಲೇ, ಖಾರ ನನ್ನದು. ಕೆಂಪಾಜಮ್ಮನವರು ಮನ್ನಿಸಬೇಕು.

ಸುಲ್ತಾನನಿಗೆ ಜಾಗ ಹೊಸದು. ಮೊದಲು ಬೆನ್ನು ನೋಡಿ. ಅಂಗೈ ಇಟ್ಟು ಕತ್ತಿನ ಬುಡದಿಂದ ಸೊಂಟದವರೆಗೆ ನಿಧಾನವಾಗಿ ಒತ್ತಿಕೊಂಡು ಬನ್ನಿ. ಎಲ್ಲಾದರೂ ಚರ್ಮ ನಡುಗಿದರೆ ಅಲ್ಲಿ ನೋವಿದೆ ಎಂದರ್ಥ. ಜೀನಿನ ಕೆಳಗೆ ಗೋಣಿತಾಟು ಬೇಡ, ಹಳೇ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿ. ಹೊಟ್ಟೆಪಟ್ಟಿಯಲ್ಲಿ ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಲಾಳ ಸವೆದಿದೆಯೋ ನೋಡಿಸಿ.

ಇವೆಲ್ಲ ಸರಿಯಿದ್ದರೆ ಉಳಿಯುವುದು ಮನಸ್ಸು. ಬೆಳಗ್ಗೆ ಹತ್ತುವ ಮುಂಚೆ ಕಾಲು ಬಿಸಿಯಾಗುವಷ್ಟು ನಡೆಸಿ. ಆಮೇಲೆ ಹತ್ತಿ, ಅಳಿಯಂದಿರು ಮುಂದೆ ನಡೆಯಲಿ. ಅವನು ನಾಲ್ಕು ಹೆಜ್ಜೆಗೆ ನಿಲ್ಲುವುದಾದರೆ ನೀವು ಮೂರಕ್ಕೇ ನಿಲ್ಲಿಸಿ, ಇಳಿದು, ಕತ್ತು ತಟ್ಟಿ, ಒಂದು ಚೂರು ಬೆಲ್ಲ ಕೊಡಿ. ನಾಳೆ ಐದು, ನಾಡಿದ್ದು ಹತ್ತು. ನಿಲ್ಲುವ ತೀರ್ಮಾನ ಅವನದಾಗಬಾರದು, ನಿಮ್ಮದಾಗಬೇಕು. ಹಿಮ್ಮಡಿಯಿಂದ ಒದೆಯಬೇಡಿ, ಒದ್ದಷ್ಟೂ ಬೇರು ಬಿಡುತ್ತಾನೆ.

ನನ್ನ ಚಿಂತೆ ಬೇಡ. ಮದುವೆಯಾದ ವಾರಕ್ಕೇ ಜಟಕಾ ಗಾಡಿಗೆ ಮೈಸೂರಿನಿಂದ ಇನ್ನೊಂದು ಕುದುರೆ ತಂದೆ. ಕೆಂಪು ಬಣ್ಣ, ಬಹಳ ಚುರುಕು. ರೈಲು ನಿಲ್ದಾಣದಿಂದ ಗುಡಿಯವರೆಗೆ ದಿನಕ್ಕೆ ಎಂಟು ಹತ್ತು ಬಾಡಿಗೆ ಆಗುತ್ತಿದೆ.

ತಮ್ಮ ವಿಧೇಯ,
ರಾಮಯ್ಯ


ಹೆಮ್ಮಿಗೆ
29-7-1996

ಬೀಗರಾದ ರಾಮಯ್ಯನವರಿಗೆ,

ನೀವು ಬರೆದದ್ದನ್ನೆಲ್ಲ ಮಾಡಿದೆ. ಬೆನ್ನಿನಲ್ಲಿ ನೋವಿಲ್ಲ. ಕಂಬಳಿ ಹಾಕಿದೆ, ಲಾಳ ಹೊಸದು ಹೊಡೆಸಿದೆ. ಮೂರು ಹೆಜ್ಜೆಗೆ ಇಳಿದು ಬೆಲ್ಲ ಕೊಟ್ಟೆ. ಹದಿನೈದು ದಿನಕ್ಕೆ ಅವನು ಕಲಿತದ್ದು ಏನೆಂದರೆ, ಮೂರು ಹೆಜ್ಜೆ ಹಾಕಿದರೆ ಬೆಲ್ಲ ಬರುತ್ತದೆ ಎಂದು. ಈಗ ನಾಲ್ಕನೆಯದನ್ನೂ ಹಾಕುವುದಿಲ್ಲ.

ನಾನೂ ನಡೆಯುತ್ತೇನೆ, ಕುದುರೆಯೂ ನಡೆಯುತ್ತದೆ, ಚೀಲ ಮಾತ್ರ ಸವಾರಿ ಮಾಡಿಕೊಂಡು ಹೋಗುತ್ತದೆ. ನಾಲೆ ಸೇತುವೆಯ ಹತ್ತಿರದ ಟೀ ಅಂಗಡಿಯಲ್ಲಿ ಗಂಗಾಧರಸ್ವಾಮಿ ಎಂಬ ಒಬ್ಬ ಮೇಷ್ಟ್ರು ಕೂರುತ್ತಾರೆ. ನನ್ನನ್ನು ಕಂಡ ಕೂಡಲೇ ಎದ್ದು ನಿಂತು, 'ಏನ್ ಹುಚ್ಚಯ್ಯ, ಕುದುರೆ ನಿನ್ನ ಹೊರುತ್ತೋ, ಇಲ್ಲಾ ನೀನೇ ಅದನ್ನ ಹೊತ್ಕೊಂಡು ಹೋಗ್ತೀಯೋ?' ಎಂದು ಕೇಳುತ್ತಾರೆ. ದಿನಾ ಅದೇ ಮಾತು, ದಿನಾ ಅದೇ ನಗು. ಮೊದಲ ವಾರ ನಾನೂ ನಕ್ಕೆ.

ಸೈಕಲ್ಲು ಅಟ್ಟದ ಮೇಲಿದೆ. ಇಳಿಸಬಹುದು. ಇಳಿಸಿದರೆ ಬೀಗರು ಕೊಟ್ಟ ಕುದುರೆಯನ್ನು ಮೂಲೆಗೆ ತಳ್ಳಿದ ಎಂದು ಊರು ಆಡಿಕೊಳ್ಳುತ್ತದೆ, ಆ ಮಾತು ಬಸ್ಸು ಹತ್ತಿ ನಂಜನಗೂಡಿಗೂ ಬರುತ್ತದೆ. ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗಾಗಿದೆ, ನುಂಗಲೂ ಆಗದು, ಉಗುಳಲೂ ಆಗದು.

ಇನ್ನೊಂದು ಮಾತು ಬರೆಯಬಾರದು ಎಂದುಕೊಂಡಿದ್ದೆ. ಮೊನ್ನೆ ರಾಣಿ ನೀರಿನ ಸಾಲಿನಲ್ಲಿ ನಿಂತು ತಡವಾಗಿ ಬಂದಳು. ಕೆಂಪಾಜಮ್ಮ, 'ಅಪ್ಪ ಕೊಟ್ಟ ಕುದ್ರೆನೂ ನಿಂತ್ಕತದೆ, ಮಗ್ಳೂ ನಿಂತ್ಕತಾಳೆ' ಎಂದಳು. ಅವಳ ಬಾಯಿಗೆ ಬೀಗವಿಲ್ಲ, ಮನಸ್ಸಿನಲ್ಲೇನೂ ಇಲ್ಲ. ರಾಣಿ ಕೊಡ ಇಳಿಸಿ ಕೊಟ್ಟಿಗೆಗೆ ಹೋಗಿ ಸುಲ್ತಾನನ ಹತ್ತಿರ ಬಹಳ ಹೊತ್ತು ನಿಂತಿದ್ದಳು.

ಹುಚ್ಚಯ್ಯ


ನಂಜನಗೂಡು
2-8-1996

ಬೀಗರ ಪಾದಗಳಿಗೆ ಶರಣು.

ಕಾಗದ ಇವತ್ತು ಬೆಳಗ್ಗೆ ಬಂತು, ಈಗಲೇ ಬರೆಯುತ್ತಿದ್ದೇನೆ. ಕುದುರೆಯ ತಪ್ಪನ್ನು ದಯವಿಟ್ಟು ಹುಡುಗಿಯ ಮೇಲೆ ಹಾಕಬೇಡಿ. ಅವಳು ಚಿಕ್ಕಂದಿನಿಂದ ಯಾವ ಕೆಲಸದಲ್ಲೂ ಹಿಂದೆ ನಿಂತವಳಲ್ಲ. ಇದನ್ನು ಕೆಂಪಾಜಮ್ಮನವರಿಗೆ ನೀವೇ ಮೆಲ್ಲಗೆ ಹೇಳಬೇಕು, ನಾನು ಹೇಳಿದೆ ಎನ್ನಬೇಡಿ.

ಬೆಲ್ಲ ನಿಲ್ಲಿಸಿ. ಎದುರಿಗೆ ಬೇರೆ ಪ್ರಾಣಿ ನಡೆಯುತ್ತಿದ್ದರೆ ಹಿಂಬಾಲಿಸುತ್ತಾನೆ, ಆದ್ದರಿಂದ ಯಾರದಾದರೂ ಎತ್ತಿನಗಾಡಿಯ ಹಿಂದೆ ಬಿಟ್ಟು ನೋಡಿ. ಹುರುಳಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಸವಾರಿ ಮುಗಿದ ಮೇಲೆ ಕೊಡಿ, ಮುಂಚೆ ಬೇಡ. ಹತ್ತುವಾಗ ಧೊಪ್ಪನೆ ಕೂರಬೇಡಿ, ಭಾರವನ್ನು ತೊಡೆಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಬಿಡಿ. ಅವನಿಗೆ ಬೆನ್ನ ಮೇಲೆ ಒಮ್ಮೆಲೇ ಭಾರ ಬಿದ್ದರೆ ಆಗುವುದಿಲ್ಲ.

ಗೌರಿ ಹಬ್ಬ ಬರುತ್ತಿದೆ. ಮೊದಲ ಹಬ್ಬ, ನಾನೇ ಬಂದು ಮಗಳು ಅಳಿಯಂದಿರನ್ನು ಕರೆದುಕೊಂಡು ಬರಬೇಕು. ಆದರೆ ಆ ದಿನಗಳಲ್ಲಿ ಗಿರಾಕಿ ವಿಪರೀತ, ಹೊಸ ಬಿಳಿ ಕುದುರೆ ಬೇರೆಯವರ ಕೈಗೆ ಬಗ್ಗುವುದಿಲ್ಲ. ಆದರೂ ನೋಡುತ್ತೇನೆ. ರಾಣಿಗೆ ತಿಳಿಸಿ.

ರಾಮಯ್ಯ


ಹೆಮ್ಮಿಗೆ
28-9-1996

ರಾಮಯ್ಯನವರಿಗೆ,

ಗೌರಿ ಹಬ್ಬ ಬಂತು, ಹೋಯಿತು. ರಾಣಿ ಬೆಳಗ್ಗೆಯೇ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನರಸೀಪುರದ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಹೋದಳು. ಐದು ಬಸ್ಸು ಬಂದವು. ಸಂಜೆ ಅವಳು ಸೀರೆ ಬದಲಾಯಿಸಿ ಕಸ ಗುಡಿಸಿದಳು. ನನಗೆ ಊಟ ಸೇರಲಿಲ್ಲ. ನಿಮಗೆ ಬಾಡಿಗೆ ಅಷ್ಟು ದೊಡ್ಡದಾಯಿತೆ?

ಎತ್ತಿನಗಾಡಿಯ ಹಿಂದೆ ಬಿಟ್ಟೆ. ಗಾಡಿ ಹೋಯಿತು, ಇವನು ನಿಂತ. ಹುರುಳಿ ಕೊಟ್ಟೆ, ತಿಂದ. ಮೆತ್ತಗೆ ಕೂತೆ, ಮೆತ್ತಗೆ ನಿಂತ. ಈ ತಿಂಗಳ ಮೊದಲಲ್ಲಿ ಅಂಚೆ ಇಲಾಖೆಯ ಮೇಲಿನವರು ಬಂದು ಪುಸ್ತಕ ನೋಡಿ, ಇನ್ನು ಮೂರು ಸಲ ಚೀಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಹೇಳಿ ಹೋದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಇಪ್ಪತ್ತಾರು ವರ್ಷ ನಾಲೆ ಏರಿಯ ಮೇಲೆ ಮಳೆಯಲ್ಲಿ ಹೋಗಿದ್ದೇನೆ, ಕೆಸರಿನಲ್ಲಿ ಸೈಕಲ್ಲು ಹೊತ್ತು ಹೋಗಿದ್ದೇನೆ, ಒಂದು ದಿನವೂ ತಡವಾಗಿರಲಿಲ್ಲ. ಸವಾರಿಗೆ ಕುದುರೆ ಸಿಕ್ಕಿದ ಮೇಲೆ ತಡವಾಗುತ್ತಿದೆ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನೀವು ಅನ್ನಬಹುದು. ಅನ್ನಿ. ಗಾಡಿಗೂ ಬಾರದ, ಸವಾರಿಗೂ ಬಾರದ ಪ್ರಾಣಿಯನ್ನು ಹಾರ ಹಾಕಿ ನಮ್ಮ ತಲೆಗೆ ಕಟ್ಟಿ, ನೀವು ಎರಡು ಹೊಸ ಕುದುರೆ ಇಟ್ಟುಕೊಂಡು ಸುಖವಾಗಿದ್ದೀರಿ. ಮೋಸ ಎಂದು ಬರೆಯಲು ಕೈ ಬರುವುದಿಲ್ಲ, ಬೇರೆ ಮಾತು ಹೊಳೆಯುತ್ತಲೂ ಇಲ್ಲ.

ನಿನ್ನೆ ನಾನು ಅವನಿಗೆ ಹೊಡೆದೆ. ಹುಣಸೆ ಬರಲಿನಿಂದ. ಅವನು ಅಲುಗಲಿಲ್ಲ. ಕತ್ತು ತಿರುಗಿಸಿ ನೋಡಿದ, ಅಷ್ಟೆ.

ಹುಚ್ಚಯ್ಯ


ನಂಜನಗೂಡು
9-10-1996

ಬೀಗರಿಗೆ,

ನೀವು ಬರೆದದ್ದರಲ್ಲಿ ಒಂದಕ್ಷರವೂ ಹೆಚ್ಚಲ್ಲ. ತಪ್ಪು ನನ್ನದು, ಸುಲ್ತಾನನದಲ್ಲ. ಅವನಿಗೆ ಹೊಡೆಯಬೇಡಿ, ಕೈಮುಗಿಯುತ್ತೇನೆ. ಅವನು ಮೈಗಳ್ಳನಲ್ಲ. ಒಂದು ದಿನವೂ ಗಾಡಿಯಲ್ಲಿ ನನ್ನ ಮರ್ಯಾದೆ ಕಳೆದವನಲ್ಲ.

ಹಬ್ಬಕ್ಕೆ ಬರಲಾಗಲಿಲ್ಲ. ಕಾರಣ ಬರೆಯುವಂಥದ್ದಲ್ಲ. ರಾಣಿಗೆ, ಅಪ್ಪ ಮರೆತಿಲ್ಲ ಎಂದು ಹೇಳಿ.

ರಾಮಯ್ಯ


ಹೆಮ್ಮಿಗೆ
19-1-1997

ಬೀಗರಾದ ರಾಮಯ್ಯನವರಿಗೆ ಹುಚ್ಚಯ್ಯನ ನಮಸ್ಕಾರ.

ಮೂರು ತಿಂಗಳಿಂದ ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇವತ್ತು ಭಾನುವಾರ, ಚೀಲವಿಲ್ಲ. ಬಲಗೈಗೆ ಪಟ್ಟು ಹಾಕಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಸುಧಾರಿಸಿಕೊಂಡು ಓದಿ.

ಡಿಸೆಂಬರ್ ಕೊನೆಯಲ್ಲಿ ಸುಲ್ತಾನನ ಮೇಲಿಂದ ಬಿದ್ದೆ. ಅವನೇನೂ ಕೆಡವಲಿಲ್ಲ, ಇಳಿಯುವಾಗ ನನ್ನ ಕಾಲೇ ತೊಡರಿತು. ಮಣಿಕಟ್ಟು ಹೋಯಿತು. ಕೃಷ್ಣಕುಮಾರ ನನ್ನ ಬದಲಿಗೆ ಚೀಲ ಒಯ್ಯುತ್ತಿದ್ದಾನೆ. ಅವನೂ ನಿಮ್ಮ ಕುದುರೆಯನ್ನು ಹಿಡಿದುಕೊಂಡು ನಡೆದೇ ಹೋಗುತ್ತಾನೆ, ಮಾವ ಕೊಟ್ಟದ್ದನ್ನು ಬಿಟ್ಟು ಹೋಗುವುದು ಹೇಗೆ ಎಂದು. ಮೇಲಿನವರು ಹೇಳಿದ ಮೂರರಲ್ಲಿ ಎರಡು ಮುಗಿದಿವೆ.

ಹೋದ ಸೋಮವಾರ, ಸಂಕ್ರಾಂತಿಯ ಹಿಂದಿನ ದಿನ, ನಾನು ನಂಜನಗೂಡಿಗೆ ಬಂದಿದ್ದೆ. ಚಿಕ್ಕಯ್ಯನಛತ್ರದ ಹತ್ತಿರ ಮೂಳೆ ಕೂರಿಸುವವರಿದ್ದಾರೆಂದು ಯಾರೋ ಹೇಳಿದರು. ನಿಮಗೆ ತಿಳಿಸಲಿಲ್ಲ. ಕೋಪವಿತ್ತು, ನಿಜ ಹೇಳಬೇಕಲ್ಲ. ಪಟ್ಟು ಹಾಕಿಸಿಕೊಂಡು ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ ಪೇಟೆಯ ಕಡೆ ಜನ ನಗುವುದು ಕೇಳಿಸಿತು. ಹೋಗಿ ನೋಡಿದೆ. ಒಂದು ಜಟಕಾ, ಅದರ ತುಂಬ ಹಬ್ಬದ ಕಬ್ಬು. ಕುದುರೆ ಕಟ್ಟುವ ಎರಡು ಮೂಕಿಮರಗಳ ನಡುವೆ, ಕುದುರೆಯ ಜಾಗದಲ್ಲಿ, ನೀವಿದ್ದಿರಿ.

ನಾನು ಬಾಳೆಹಣ್ಣಿನ ಅಂಗಡಿಯ ಹಿಂದಕ್ಕೆ ಸರಿದೆ. ನೀವು ನೋಡಬಾರದೆಂದು ಸರಿದೆನೋ, ನನಗೆ ನೋಡಲಾಗದೆ ಸರಿದೆನೋ ತಿಳಿಯದು. ನೀವು ಮೂಕಿಮರಗಳನ್ನು ಹಿಡಿದು ಎಳೆದಿರಿ. ನಾಲ್ಕು ಹೆಜ್ಜೆ ಹಾಕಿ ನಿಂತಿರಿ. ಕತ್ತು ತಿರುಗಿಸಿ ಹಿಂದೆ ನೋಡಿದಿರಿ. 'ಮುಂಭಾರ ಆಯ್ತು ಕಣ್ರಪ್ಪಾ, ಒಸಿ ಇಂದಕ್ಕೆ ಸರಿಸ್ರಿ. ಬೆನ್ನಿಗೆ ಬತ್ತದೆ' ಎಂದಿರಿ. ಅವರು ಕಬ್ಬನ್ನು ಹಿಂದಕ್ಕೆ ಎಳೆದರು. ನೀವು ಹೊರಟಿರಿ.

ಬೀಗರೇ, ನಾಲ್ಕು ಹೆಜ್ಜೆ, ನಿಲ್ಲುವುದು, ಕತ್ತು ತಿರುಗಿಸಿ ಕಾಯುವುದು. ಎಂಟು ತಿಂಗಳಿಂದ ನಾನು ದಿನಾ ನೋಡುತ್ತಿರುವುದು ಅದನ್ನೇ.

ಬಸ್ಸಿನಲ್ಲಿ ಕೂತು ಅತ್ತೆ. ಐವತ್ತೆಂಟು ವರ್ಷದ ಗಂಡಸು ಅತ್ತೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮನೆಗೆ ಬಂದು ರಾಣಿಯನ್ನು ಕೊಟ್ಟಿಗೆಗೆ ಕರೆದು ಕೇಳಿದೆ. ಅವಳು ಸುಲ್ತಾನನ ಮುಂದಿದ್ದ ಹುಲ್ಲು ಸರಿಮಾಡಿದಳು. ಆಮೇಲೆ, 'ಅಪ್ಪನೇ ಕಲ್ಸಿದ್ದು ಮಾವ. ಮೊದಲ್ನೇ ಕುದ್ರೆಗೆ ಗಾಡೀಲಿ ಜನ ಮುಂದಕ್ಕೆ ಕುಂತು ಕುಂತು ಬೆನ್ನು ಉಣ್ಣಾಗಿ ಸತ್ತೋಯ್ತು. ಅದ್ಕೇ ಇವುನ್ಗೆ ಬೆನ್ನಿಗೆ ಭಾರ ಬಿದ್ರೆ ನಿಂತ್ಕೊಂಬುಡು, ಅವ್ರು ಸರಿಯಾಗಿ ಕುಂತ್ಕಂಡ್ಮೇಲೆ ಒರಡು ಅಂತ ಕಲ್ಸುದ್ರು' ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. 'ಅಪ್ಪ ಒರ್ತಾನೆ ಅಂತ ಮದ್ವೆ ಮನೇಲಿ ಅಷ್ಟು ಜನದ ಮುಂದೆ ಯೋಳ್ಬುಟ್ಟಿದ್ರು. ನಾನು ಅಪ್ಪನ್ನ ಸುಳ್ಳ ಅಂತ ಮಾಡ್ಲಾ?' ಎಂದಳು.

ನಾನು ಹತ್ತಿ ಕೂತಾಗಲೆಲ್ಲ ಅವನು ನಾನು ಹಿಂದಕ್ಕೆ ಸರಿಯಲಿ ಎಂದು ಕಾಯುತ್ತಿದ್ದ. ನಾನು ಬರಲಿನಿಂದ ಹೊಡೆದೆ. ಅವನು ನೀವು ಹೇಳಿದ ಕೆಲಸವನ್ನು ಬಿಡಲಿಲ್ಲ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಬಂದ ದಿನ ನಿಮ್ಮ ಮನೆ ಮುಂದೆ ಸುಲ್ತಾನ ನಿಂತಿದ್ದ. ಮಾತಿಗೆ ಏನಾದರೂ ಬೇಕಲ್ಲ ಎಂದು, ಕುದುರೆ ಚೆನ್ನಾಗಿದೆ, ಕುದುರೆ ಕಂಡರೆ ಕಾಲುನೋವು ಎಂದು ಮಂಡಿ ತಿಕ್ಕಿಕೊಂಡು ನಕ್ಕೆ. ನನಗೆ ಕುದುರೆ ಬೇಕಿರಲಿಲ್ಲ. ಗಂಡಿನ ಕಡೆಯವನು ಬಾಯಿ ಬಿಟ್ಟರೆ ಹೆಣ್ಣಿನ ಅಪ್ಪನಿಗೆ ಅದು ಕೇಳಿದ ಹಾಗೆ ಎಂದು ನನಗೆ ಹೊಳೆಯಬೇಕಿತ್ತು. ನೀವು ತಂದು ಕಟ್ಟಿದಾಗ ಬೇಡ ಎನ್ನಬೇಕಿತ್ತು. ಬೇಡ ಎಂದರೆ ನಿಮಗೆ ಅವಮಾನ ಎಂದುಕೊಂಡೆ. ನೀವು ಕೊಡಲಾರದೆ ಕೊಟ್ಟಿರಿ, ನಾನು ಬೇಡವಾಗಿ ತೆಗೆದುಕೊಂಡೆ. ಹೊಸ ಕುದುರೆ ಒಂದು ಕಾಗದದಲ್ಲಿ ಕೆಂಪಗಿತ್ತು, ಇನ್ನೊಂದರಲ್ಲಿ ಬೆಳ್ಳಗಿತ್ತು. ಆಗ ಎರಡು ಕುದುರೆ ಎಂದುಕೊಂಡು ಹೊಟ್ಟೆ ಉರಿದುಕೊಂಡೆ. ಈಗ ಅರ್ಥವಾಗುತ್ತದೆ.

ಆಗಲೇ ಸುಲ್ತಾನನನ್ನು ಕಳಿಸಬೇಕೆಂದು ಹಗ್ಗ ಬಿಚ್ಚಿದೆ. ಕೆಂಪಾಜಮ್ಮ ತಡೆದಳು. ಅವಳು ಒರಟು, ಆದರೆ ಊರು ಗೊತ್ತಿರುವವಳು. 'ಎಣ್ಣಿನ ಮನೆಯೋರು ಕೊಟ್ಟಿದ್ದ ವಾಪಸ್ ಕಳ್ಸುದ್ರೆ ಎಣ್ಣನ್ನೇ ವಾಪಸ್ ಕಳ್ಸುದ್ರು ಅಂತಾರೆ. ನಾಳೆ ರಾಣಿ ನೀರ್ಗೆ ಓದ್ರೆ ಯಾರ್ ಬಾಯಿ ಮುಚ್ಚಿಯೇ?' ಎಂದಳು. ಅವಳು ಹೇಳುವುದು ನಿಜ. ನೀರಿನ ಸಾಲಿನಲ್ಲಿ ನಿಲ್ಲುವವಳು ರಾಣಿ, ನಾನಲ್ಲ.

ಒಂದೇ ದಾರಿ ಕಾಣುತ್ತದೆ. ನಾನಾಗಿ ಕಳಿಸಿದರೆ ಅದು ತಿರಸ್ಕಾರ. ನೀವಾಗಿ ಕೇಳಿದರೆ, ಬೀಗರು ಕೇಳಿದರು, ಕೊಟ್ಟೆ ಎಂದಾಗುತ್ತದೆ. ನೀವು ಕೇಳಬೇಕು. ಇನ್‌ಲ್ಯಾಂಡಿನಲ್ಲಿ ಬೇಡ, ತೆರೆದ ಅಂಚೆ ಕಾರ್ಡಿನಲ್ಲಿ ಬರೆಯಿರಿ. ಕಾರ್ಡನ್ನು ನರಸೀಪುರದಿಂದ ಇಲ್ಲಿಯವರೆಗೆ ಎಲ್ಲರೂ ಓದುತ್ತಾರೆ. ಇಪ್ಪತ್ತಾರು ವರ್ಷ ಚೀಲ ಹೊತ್ತವನು ಹೇಳುತ್ತಿದ್ದೇನೆ, ಓದುತ್ತಾರೆ. ಊರಿಗೇ ಗೊತ್ತಾಗಲಿ, ನೀವು ಕೇಳಿದ್ದಕ್ಕೆ ನಾವು ಕೊಟ್ಟೆವೆಂದು.

ಹೆಣ್ಣು ಕೊಟ್ಟವರಿಗೆ ಇದು ಎಷ್ಟು ಕಷ್ಟವೆಂದು ನನಗೆ ಗೊತ್ತು. ನನಗೂ ಒಬ್ಬಳು ಮಗಳಿದ್ದಾಳೆ, ಕೊಟ್ಟ ಮನೆಯಲ್ಲಿ ನಾನು ಇವತ್ತಿಗೂ ಒಂದು ಲೋಟ ನೀರು ಕೇಳಿದವನಲ್ಲ. ಆದರೂ ಬರೆಯಿರಿ.

ಹುಚ್ಚಯ್ಯ


ಹೆಮ್ಮಿಗೆ
16-2-1997

ಬೀಗರಿಗೆ,

ದಿನಾ ಚೀಲ ಬಿಚ್ಚುವಾಗ ನಾನೇ ಹೋಗಿ ಕೂರುತ್ತೇನೆ. ಕಾರ್ಡು ಬಂದಿಲ್ಲ. ಕೃಷ್ಣಕುಮಾರನಿಗೆ ನಸುಕಿನಲ್ಲೇ ಎದ್ದು ಹೊರಡಲು ಹೇಳಿದ್ದೇನೆ, ಮೂರನೆಯದೊಂದು ಉಳಿದುಕೊಂಡಿದೆ. ಸುಲ್ತಾನನ ಬೆನ್ನ ಮೇಲೆ ಸಂಕ್ರಾಂತಿಯ ನಂತರ ಯಾರೂ ಕೂತಿಲ್ಲ.

ಹುಚ್ಚಯ್ಯ


ನಂಜನಗೂಡು
3-3-1997

ಬೀಗರಾದ ಹುಚ್ಚಯ್ಯನವರಿಗೆ ರಾಮಯ್ಯನ ಶರಣು.

ನಾಲ್ಕು ಕಾರ್ಡು ಬರೆದು ಹರಿದೆ. ಇದು ಐದನೆಯದು. ಇನ್ನೊಂದು ಕುದುರೆ ನನ್ನಲ್ಲಿ ಇರಲೇ ಇಲ್ಲ. ಕೆಂಪು, ಬಿಳಿ ಎರಡೂ ಸುಳ್ಳು. ಸುಲ್ತಾನ ಯಾರನ್ನೂ ಹೊರುವವನಲ್ಲ ಎಂದು ನಿಮ್ಮ ಚಪ್ಪರಕ್ಕೆ ಕಟ್ಟುವಾಗಲೇ ಗೊತ್ತಿತ್ತು. ಗೌರಿ ಹಬ್ಬಕ್ಕೆ ಬರದಿದ್ದುದು ಮಗಳ ಮಡಿಲಿಗೆ ಹಾಕಲು ಕೈಯಲ್ಲಿ ಏನೂ ಇರಲಿಲ್ಲವೆಂದು. ಅಳಿಯಂದಿರೂ ರಾಣಿಯೂ ಅವನನ್ನು ನಡೆಸಿಕೊಂಡು ಬರಲಿ, ದಾರಿಯಲ್ಲಿ ಎರಡು ಕಡೆ ನೀರು ಕುಡಿಸಲಿ. ರಾಣಿ ನಾಲ್ಕು ದಿನ ಇದ್ದು ನಿಮ್ಮ ಮನೆಗೇ ವಾಪಸ್ ಬರುತ್ತಾಳೆ. ಇದನ್ನು ಓದುವವರೆಲ್ಲ ಸರಿಯಾಗಿ ಓದಿಕೊಳ್ಳಲಿ.

ಇಷ್ಟು ಬರೆದರೂ ಕೇಳಬೇಕಾದ್ದನ್ನು ಕೇಳಿಲ್ಲ. ಕಾರ್ಡಿನಲ್ಲಿ ಇನ್ನೆರಡು ಸಾಲಿಗೆ ಜಾಗವಿದೆ.

ಬೀಗರೇ, ನನ್ನ ಕೈಲಿ ಎಳೆಯಲು ಆಗುತ್ತಿಲ್ಲ. ಸುಲ್ತಾನನನ್ನು ನನಗೆ ಕೊಡಿ.

ರಾಮಯ್ಯ